ಮೊದಲು ತೋಳಿಗೆ ರಜೆ, ಆಮೇಲೆ ಆಪರೇಷನ್ ತಾರೀಕು



ನಮ್ಮ ಮನೆ ಇರುವುದು ವಡೋದರಾದ ಆಲ್ಕಾಪುರಿಯಲ್ಲಿ. ಮೊನ್ನೆ ಸಂಜೆ ವಾಕಿಂಗ್ ಹೋದಾಗ ಪರಿಚಯದ ಕನ್ನಡತಿಯೊಬ್ಬರು ಸಿಕ್ಕರು. ಎರಡು ವರ್ಷ ಕಷ್ಟಪಟ್ಟು ಮೂವತ್ತು ಕೆ.ಜಿ. ಇಳಿಸಿದ್ದಾರೆ. ಎಲ್ಲರೂ ಭೇಷ್ ಅಂದರು. ಆದರೆ ಮೇಲ್ತೋಳಿನ ಚರ್ಮ ಜೋತುಬಿದ್ದಿದೆ. ಬೇಸಿಗೆಯಲ್ಲೂ ಉದ್ದ ತೋಳಿನ ಕುರ್ತಾ, ಅದರ ಮೇಲೊಂದು ದುಪಟ್ಟಾ. ಗರ್ಬಾದಲ್ಲಿ ಕೈ ಎತ್ತಿ ಚಪ್ಪಾಳೆ ತಟ್ಟುವುದನ್ನೇ ಬಿಟ್ಟಿದ್ದಾರೆ. ಅವರು ಕೇಳಿದ್ದು ಇಷ್ಟೇ: "ನವರಾತ್ರಿಗೆ ಇನ್ನೂ ಆರು ವಾರ ಇದೆ. ಈಗಲೇ ಆರ್ಮ್ ಲಿಫ್ಟ್ ಮಾಡಿಸಿಕೊಂಡರೆ ಗರ್ಬಾ ಹೊತ್ತಿಗೆ ಸರಿಹೋಗಲ್ವಾ?"

ನಾನು ಡಾಕ್ಟರ್ ಅಲ್ಲ. ಆದರೆ ಇದೇ ಆಪರೇಷನ್ ಆದ ನಮ್ಮ ಅತ್ತಿಗೆಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳು. ಹಾಗಾಗಿ ಥಟ್ಟನೆ ಹೇಳಿದೆ: "ಇಲ್ಲಮ್ಮ, ಆಗಲ್ಲ." ಯಾಕೆ ಆಗಲ್ಲ ಅನ್ನುವುದೇ ಇವತ್ತಿನ ಮಾತು.

ಮೊದಲು ಇದು ಏನು ಅಂತ ತಿಳಿಯೋಣ. ವೈದ್ಯರು ಇದನ್ನು ಬ್ರಾಕಿಯೋಪ್ಲಾಸ್ಟಿ ಅನ್ನುತ್ತಾರೆ. ವ್ಯಾಯಾಮ ಮಾಡಿದರೆ ಸ್ನಾಯು ಗಟ್ಟಿಯಾಗುತ್ತದೆ, ಹಿಗ್ಗಿಹೋದ ಚರ್ಮ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಆ ಹೆಚ್ಚಿನ ಚರ್ಮವನ್ನೂ ಕೊಬ್ಬನ್ನೂ ತೆಗೆದು ಹೊಲಿಯುತ್ತಾರೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು, ಎರಡು ಮೂರು ಗಂಟೆಯ ಕೆಲಸ. ಅದೇ ದಿನ ಅಥವಾ ಮಾರನೇ ದಿನ ಮನೆಗೆ ಕಳಿಸುತ್ತಾರೆ. ಹೆಚ್ಚಿನವರಿಗೆ ಕಂಕುಳಿನಿಂದ ಮೊಣಕೈವರೆಗೆ ತೋಳಿನ ಒಳಬದಿಯಲ್ಲಿ ಉದ್ದನೆಯ ಗೆರೆ ಉಳಿಯುತ್ತದೆ. ಜೋತ ಚರ್ಮವನ್ನು ಕೊಟ್ಟು ಗೆರೆಯನ್ನು ತೆಗೆದುಕೊಳ್ಳುವ ವ್ಯಾಪಾರ ಇದು. ಆ ಗೆರೆ ಮೊದಲು ಕೆಂಪಗೆ, ಗಡುಸಾಗಿರುತ್ತದೆ. ಮಾಸಿ ಮೆತ್ತಗಾಗಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷವೇ ಬೇಕು. ಪೂರ್ತಿ ಅಳಿಸಿಹೋಗುವುದಿಲ್ಲ. ಈ ವ್ಯಾಪಾರ ನಿಮಗೆ ಒಪ್ಪಿಗೆಯೇ? ಒಪ್ಪಿಗೆಯಾದರೆ ಮುಂದಿನ ಮಾತು.

ನಾವೆಲ್ಲ ಮಾಡುವ ತಪ್ಪೇನು ಗೊತ್ತೇ? ಡಾಕ್ಟರ್ ಯಾವಾಗ ಸಿಗುತ್ತಾರೆ, ಹಬ್ಬ ಯಾವಾಗ ಇದೆ ಅಂತ ನೋಡಿ ತಾರೀಕು ಹಾಕುತ್ತೇವೆ. ನೋಡಬೇಕಾದದ್ದು ಬೇರೆ. ನಿಮ್ಮ ಎರಡೂ ತೋಳಿಗೆ ಒಟ್ಟಿಗೆ ಆರು ವಾರ ರಜೆ ಯಾವಾಗ ಸಿಗುತ್ತದೆ? ಕಾಲಿಗೆ ಪೆಟ್ಟಾದರೆ ಕೂತು ತರಕಾರಿ ಹೆಚ್ಚಬಹುದು. ಒಂದು ಕೈಗೆ ಪೆಟ್ಟಾದರೆ ಇನ್ನೊಂದು ಇದೆ. ಇಲ್ಲಿ ಎರಡೂ ಒಂದೇ ದಿನ ಕೆಲಸ ನಿಲ್ಲಿಸುತ್ತವೆ.

ಒಂದು ದಿನ ಸುಮ್ಮನೆ ಲೆಕ್ಕ ಹಾಕಿ ನೋಡಿ. ಕುಕ್ಕರ್ ಇಳಿಸುವುದು, ಮೇಲಿನ ಶೆಲ್ಫಿನಿಂದ ಬೇಳೆ ಡಬ್ಬ ತೆಗೆಯುವುದು, ತಂತಿಯ ಮೇಲೆ ಒದ್ದೆ ಬಟ್ಟೆ ಹರವುವುದು, ತಲೆ ಬಾಚುವುದು, ಸೆರಗಿಗೆ ಪಿನ್ ಹಾಕುವುದು, ದೇವರ ಫೋಟೋಗೆ ಹೂ ಏರಿಸುವುದು, ಸ್ಕೂಟರ್ ಸ್ಟ್ಯಾಂಡ್ ಹಾಕುವುದು, ಮಗುವನ್ನು ಎತ್ತಿಕೊಳ್ಳುವುದು. ಎಲ್ಲಕ್ಕೂ ತೋಳೇ ಬೇಕು.

ಈಗ ಆರು ವಾರಗಳ ಅಂದಾಜು ಹೇಳುತ್ತೇನೆ. ಕೊನೆಯ ಮಾತು ನಿಮ್ಮ ಸರ್ಜನ್‌ರದ್ದೇ. ಮೊದಲ ವಾರ ಊತ, ನೋವು, ಬಿಗಿತ ಇರುತ್ತದೆ. ಕೆಲವರಿಗೆ ದ್ರವ ಹೊರಗೆ ಹೋಗಲು ಸಣ್ಣ ಕೊಳವೆ ಇಟ್ಟಿರುತ್ತಾರೆ. ಮಲಗುವಾಗ ತೋಳಿನ ಕೆಳಗೆ ದಿಂಬು ಬೇಕು. ಮನೆಯೊಳಗೆ ಮಾತ್ರ ಮೊದಲ ದಿನದಿಂದಲೇ ಓಡಾಡಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ. ಎರಡು ವಾರದ ಹೊತ್ತಿಗೆ ಕೂತು ಮಾಡುವ ಆಫೀಸ್ ಕೆಲಸ ಹಲವರಿಗೆ ಸಾಧ್ಯವಾಗುತ್ತದೆ. ಒತ್ತಿ ಹಿಡಿಯುವ ಬಿಗಿ ತೋಳುಚೀಲವನ್ನು ಕೆಲವು ವಾರ ಹಾಕಿಕೊಳ್ಳಬೇಕಾಗುತ್ತದೆ. ಮೊದಲ ಕೆಲವು ವಾರ ಕೈಯನ್ನು ಭುಜದಿಂದ ಮೇಲೆ ಜಗ್ಗಿ ಎತ್ತುವ ಹಾಗಿಲ್ಲ. ಹಾಗಂತ ಕಟ್ಟಿಹಾಕಿದ ಹಾಗೆ ಇಟ್ಟುಕೊಂಡರೆ ಭುಜ ಹಿಡಿದುಕೊಳ್ಳುತ್ತದೆ. ಅವರು ಹೇಳಿಕೊಟ್ಟಷ್ಟು ಮೆಲ್ಲಗೆ ಆಡಿಸುತ್ತಿರಬೇಕು. ಭಾರ ಎತ್ತುವುದು, ಜಿಮ್, ಕುಣಿತ ಎಲ್ಲ ಆರು ವಾರದ ನಂತರ, ಅದೂ ಡಾಕ್ಟರ್ ಒಪ್ಪಿದ ಮೇಲೆ.

ಇನ್ನು ನಮ್ಮ ಅತ್ತಿಗೆಯ ಕಥೆ. ಹತ್ತು ದಿನ ಚೆನ್ನಾಗಿ ಕಳೆಯಿತು. ನೋವು ಇಳಿಯಿತು, ಮುಖದಲ್ಲಿ ನಗು ಬಂತು. ಹನ್ನೆರಡನೇ ದಿನ ನಾನು ಕೆಳಗೆ ತರಕಾರಿ ತರಲು ಹೋಗಿದ್ದೆ. ಕುಕ್ಕರ್ ನಾಲ್ಕು ಸಲ ಕೂಗಿತು ಅಂತ ಅವರೇ ಎದ್ದು ಇಳಿಸಿಬಿಟ್ಟರು. ಸಂಜೆ ಕಂಕುಳ ಹತ್ತಿರ ಬಟ್ಟೆ ಒದ್ದೆ. ಹೊಲಿಗೆ ಒಂದಿಷ್ಟು ಬಾಯಿ ಬಿಟ್ಟಿತ್ತು. ಮತ್ತೆ ಐದು ವಾರ ಡ್ರೆಸ್ಸಿಂಗ್. ಆ ಜಾಗದಲ್ಲಿ ಗೆರೆ ಅಗಲವಾಗಿಯೇ ಉಳಿಯಿತು. ತಪ್ಪು ಅವರದಲ್ಲ. "ನಾನಿದ್ದೀನಿ" ಅಂತ ಹೇಳಿದ ನಾನು ಒಲೆ ಆರಿಸದೆ ಹೋಗಿದ್ದೆ. ಮನೆಯ ಹೆಂಗಸಿಗೆ ನೋವು ಕಡಿಮೆಯಾಯಿತು ಅಂದರೆ ರಜೆ ಮುಗಿಯಿತು ಅಂತಲೇ ಅರ್ಥ ಮಾಡಿಕೊಳ್ಳುತ್ತೇವೆ, ಅವಳೂ ಹಾಗೇ ತಿಳಿಯುತ್ತಾಳೆ. ನೋವು ಹೋಗುವುದು ಮೊದಲು, ಗಾಯ ಗಟ್ಟಿಯಾಗುವುದು ಎಷ್ಟೋ ಆಮೇಲೆ. ಇದೊಂದು ಮಾತು ದಯವಿಟ್ಟು ಮನೆಮಂದಿಗೆಲ್ಲ ಓದಿ ಹೇಳಿ.

ಹಾಗಾದರೆ ನಮ್ಮ ವಡೋದರಾದಲ್ಲಿ ಯಾವ ತಿಂಗಳು ಒಳ್ಳೆಯದು? ಕ್ಯಾಲೆಂಡರ್ ತೆಗೆಯಿರಿ.

ಏಪ್ರಿಲ್‌ನಿಂದ ಜೂನ್‌ವರೆಗೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬಿಗಿ ತೋಳುಚೀಲದೊಳಗೆ ಬೆವರು, ಕಡಿತ. ದಿನವಿಡೀ ಎ.ಸಿ. ಇದ್ದರೆ ನಿಭಾಯಿಸಬಹುದು, ಇಲ್ಲದಿದ್ದರೆ ಹಿಂಸೆ. ಮಳೆಗಾಲದಲ್ಲಿ ಇನ್ನೊಂದು ಪೇಚು. ಸ್ಟೇಷನ್ ಪಕ್ಕದ ಆಲ್ಕಾಪುರಿ ಅಂಡರ್‌ಪಾಸ್‌ಗೆ ನೀರು ತುಂಬುವುದು ನಮಗೆ ಹೊಸದಲ್ಲ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿದಾಗ ಊರಿನ ಎಷ್ಟೋ ಭಾಗ ನೀರಲ್ಲಿ ನಿಂತಿತ್ತು. ಡ್ರೆಸ್ಸಿಂಗ್‌ಗೆ ಹೋಗಬೇಕಾದ ದಿನ ರಸ್ತೆಯೇ ಇಲ್ಲ, ಕೆಳಮನೆಯ ಸಾಮಾನು ಮೇಲೆ ಸಾಗಿಸಬೇಕು ಅಂದರೆ ಏನು ಮಾಡುತ್ತೀರಿ? ನವರಾತ್ರಿ ಒಂಬತ್ತು ರಾತ್ರಿ ಕೈಗೆ ಕೆಲಸ. ಅದು ಮುಗಿಯಿತು ಅಂದರೆ ದೀಪಾವಳಿ ಸ್ವಚ್ಛತೆ. ದೀಪಾವಳಿ ಆದ ಮೇಲೆ ಮದುವೆಗಳ ಸಾಲು. ಜನವರಿ 14 ಮತ್ತು 15ಕ್ಕೆ ಉತ್ತರಾಯಣ. ಆವತ್ತು ತಾರಸಿ ಮೇಲೆ ನಿಂತು ಗಾಳಿಪಟದ ದಾರ ಜಗ್ಗದೆ ಇರುವವರು ಈ ಊರಲ್ಲಿ ಯಾರಿದ್ದಾರೆ ಹೇಳಿ!

ಹಾಗಾಗಿ ನನ್ನ ಎಣಿಕೆಯಲ್ಲಿ ಒಳ್ಳೆಯ ಕಾಲ ಉತ್ತರಾಯಣದ ಗಾಳಿಪಟ ಇಳಿಸಿದ ಮೇಲೆ, ಜನವರಿ ಮೂರನೇ ವಾರ. ಹವೆ ತಂಪು. ಆರು ವಾರ ಅಂದರೆ ಮಾರ್ಚ್ ಮೊದಲು, ಬಿಸಿಲು ಏರುವ ಮುಂಚೆ ತೋಳುಚೀಲದ ಕಾಟ ಬಹುಪಾಲು ಮುಗಿದಿರುತ್ತದೆ. ನವರಾತ್ರಿಗೆ ಎಂಟು ಒಂಬತ್ತು ತಿಂಗಳು ಸಿಗುತ್ತದೆ. ಊತ ಪೂರ್ತಿ ಇಳಿಯಲು ಕೆಲವು ತಿಂಗಳು ಬೇಕಲ್ಲ, ಅದಕ್ಕೂ ಸಾಕು. ಗೆರೆ ಆಗಲೂ ಕಾಣುತ್ತದೆ, ಆದರೆ ಕೈ ಎತ್ತಿ ಕುಣಿಯಬಹುದು. ಬೇಸಿಗೆಯಲ್ಲಿ ಗೆರೆಗೆ ಬಿಸಿಲು ತಾಗಿಸಬೇಡಿ, ಕಪ್ಪಾಗಿ ಉಳಿಯುತ್ತದೆ.

ಮಕ್ಕಳ ಪರೀಕ್ಷೆ ಇರುವ ಮನೆಯಾದರೆ ನಿಮ್ಮ ಲೆಕ್ಕ ಬೇರೆಯಾಗಬಹುದು. ಊರಿನಿಂದ ಅಮ್ಮನೋ ತಂಗಿಯೋ ಬರುವುದಾದರೆ ಅವರ ಟಿಕೆಟ್ಟೂ ಲೆಕ್ಕಕ್ಕೆ ಬರುತ್ತದೆ. ಹುಬ್ಬಳ್ಳಿ, ಬೆಂಗಳೂರು ಕಡೆಯಿಂದ ಅಜ್ಮೇರ್–ಮೈಸೂರು ಗಾಡಿಯಲ್ಲಿ ಬರುವವರು ನೆನಪಿಡಿ, 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಆ ಟಿಕೆಟ್ ಕನ್‌ಫರ್ಮ್ ಆಗುವ ತನಕ ಆಪರೇಷನ್ ತಾರೀಕನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.

ಮೈ ತಯಾರಿದೆಯೇ ಅಂತಲೂ ನೋಡಬೇಕು. ತೂಕ ಆರು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು. ಹೊಟ್ಟೆಯ ಬೇರಿಯಾಟ್ರಿಕ್ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಲು ಹೇಳುತ್ತಾರೆ. ಅಂಥವರಲ್ಲಿ ರಕ್ತ, ಪ್ರೋಟೀನ್ ಕಡಿಮೆ ಇರಬಹುದು, ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ. ಸಿಗರೇಟು, ಗುಟ್ಕಾ, ತಂಬಾಕು ಯಾವುದೇ ಇರಲಿ, ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಆಮೇಲೂ ಮುಟ್ಟಬಾರದು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ. ಸ್ತನದ ಕ್ಯಾನ್ಸರ್‌ಗಾಗಿ ಕಂಕುಳಿನ ಗಂಟು ತೆಗೆಸಿಕೊಂಡವರು ಅದನ್ನು ಮೊದಲ ಭೇಟಿಯಲ್ಲೇ ಹೇಳಿ. ಅವರಿಗೆ ತೋಳಿನ ಊತದ ಅಪಾಯ ಹೆಚ್ಚು.

"ಅಹಮದಾಬಾದಿಗೋ ಸೂರತ್‌ಗೋ ಹೋಗಲಾ?" ಅಂತ ಕೇಳುವವರಿದ್ದಾರೆ. ಹೋಗಬಹುದು. ಆದರೆ ಇದು ಒಂದು ದಿನದ ಪ್ರಯಾಣ ಅಲ್ಲ. ಕೊಳವೆ ತೆಗೆಯಲು, ಡ್ರೆಸ್ಸಿಂಗ್‌ಗೆ, ಹೊಲಿಗೆ ನೋಡಲು ಹಲವು ಸಲ ಹೋಗಬೇಕು. ಪ್ರತಿ ಸಲ ನೂರು ಕಿಲೋಮೀಟರ್‌ಗೂ ಮಿಕ್ಕಿ, ನಿಮ್ಮ ಬ್ಯಾಗನ್ನು ಬೇರೆಯವರು ಹಿಡಿಯಬೇಕು. ರಾತ್ರಿ ಜ್ವರ ಬಂದರೆ ಯಾರ ಬಾಗಿಲು ತಟ್ಟುವುದು ಅಂತ ಮೊದಲೇ ಗೊತ್ತಿರಲಿ. ಎಲ್ಲಿ ಮಾಡಿಸಿದರೂ ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಓದಿದವರೇ ಎಂದು ಕೇಳಿ, ಸಂಕೋಚ ಬೇಡ. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ಸಾಮಾನ್ಯವಾಗಿ ವಿಮೆ ಹಣ ಕೊಡುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೋಗುವ ಮುಂಚೆ ಮನೆಯಲ್ಲಿ ಮಾಡಬೇಕಾದ್ದು: ದಿನಬಳಕೆಯ ಡಬ್ಬಗಳೆಲ್ಲ ಸೊಂಟದ ಎತ್ತರಕ್ಕೆ ಇಳಿಯಲಿ. ಮುಂದೆ ಗುಂಡಿ ಇರುವ ಸಡಿಲ ನೈಟಿ ನಾಲ್ಕಾರು ಇರಲಿ. ತಲೆ ಬಾಚುವವರು ಯಾರು, ಮಗುವನ್ನು ಎತ್ತುವವರು ಯಾರು, ಕುಕ್ಕರ್ ಇಳಿಸುವವರು ಯಾರು, ಹೆಸರು ಬರೆದು ಫ್ರಿಜ್ ಮೇಲೆ ಅಂಟಿಸಿ. ಗಂಡಸರ ಹೆಸರೂ ಇರಲಿ!

ಮನೆಗೆ ಬಂದ ಮೇಲೆ ಜ್ವರ, ಹರಡುವ ಕೆಂಪು, ಕೀವು, ಒಂದೇ ತೋಳು ಇದ್ದಕ್ಕಿದ್ದಂತೆ ದಪ್ಪವಾಗುವುದು, ಬೆರಳು ತಣ್ಣಗೆ ನೀಲಿಯಾಗುವುದು ಕಂಡರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ಫೋನ್ ಹಿಡಿದು ಕಾಯಬೇಡಿ, 108ಕ್ಕೆ ಹೇಳಿ ಆಸ್ಪತ್ರೆಗೆ ಹೊರಡಿ.

ಆ ಪರಿಚಯದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ನವರಾತ್ರಿ?" ಅಂದರು. ಈ ನವರಾತ್ರಿ ದುಪಟ್ಟಾ ಹೊದ್ದುಕೊಂಡಾದರೂ ಕುಣಿಯಿರಿ, ಯಾರು ನೋಡುತ್ತಾರೆ ಅಂತ ಯೋಚಿಸಬೇಡಿ, ಮುಂದಿನದ್ದಕ್ಕೆ ಜನವರಿಯಲ್ಲಿ ಸಿದ್ಧವಾಗೋಣ ಅಂದೆ. ಅವರು ನಕ್ಕು ಕೇಳಿದರು, "ಕುಕ್ಕರ್ ಇಳಿಸಲು ನೀವು ಬರ್ತೀರಾ?"

ಬರ್ತೀನಿ ಅಂದಿದ್ದೇನೆ. ಈ ಸಲ ಒಲೆ ಆರಿಸಿಯೇ ತರಕಾರಿಗೆ ಹೋಗುವುದು.