ಸಂದ್ರದವನು ಸಮುದ್ರದ ದಡದಲ್ಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ನೀರಿನ ವಿಷಯ ಮಾತಾಡುತ್ತೇನೆ. ನಮ್ಮ ಕಡೆ ನೀರು ಅಂದರೆ ಬೋರ್‌ವೆಲ್ ಎಷ್ಟು ಅಡಿ ಹೋಯಿತು ಅನ್ನುವ ಮಾತೇ. ನಾನು ಹೇಳಹೊರಟಿರುವುದು ನೀರಿಗೆ ಬಿದ್ದವರ ವಿಷಯ.

ಕೆಲಸದ ಮೇಲೆ ಕುಂದಾಪುರಕ್ಕೆ ಹೋದವನು ನಾನು. ಓಟದ ಚಟ ಹತ್ತಿದ್ದು ಈ ಶಾಲೆಯ ಮೈದಾನದಲ್ಲಿ. ಬಹುಮಾನ ಬಂದದ್ದು ಕಡಿಮೆ, ಚಟ ಮಾತ್ರ ಬಿಡಲಿಲ್ಲ. ಅಲ್ಲಿ ಒಂದು ಬೆಳಗ್ಗೆ ಓಡುವಾಗ ನಾಯಿ ಕಾಲಿಗೆ ಅಡ್ಡ ಬಂದು ಬಿದ್ದೆ. ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಮೊದಮೊದಲು ಮಂಚದ ಮೇಲೆ ಕಾಲು ಚಾಚಿ ತೊಡೆ ಬಿಗಿ ಮಾಡುವುದೇ ವ್ಯಾಯಾಮ. ಮತ್ತೆ ಓಡಲು ಒಂಬತ್ತು ತಿಂಗಳು ಬೇಕಾಯಿತು. ಅದೂ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕೋಡಿ ಕಡಲತೀರದಲ್ಲಿ ನೀರು ಇಳಿದ ಹೊತ್ತು ನೋಡಿಕೊಂಡು ಒದ್ದೆ, ಗಟ್ಟಿ ಮರಳಿನ ಮೇಲೆ ಓಡುತ್ತಿದ್ದೆ. ಒಣ ಮರಳಿನಲ್ಲಿ ಕಾಲು ಹೂತು ಮಂಡಿ ತಿರುಚುತ್ತದೆ. ತೀರ ಕಡಲಿನ ಕಡೆಗೆ ಇಳಿಜಾರು, ಹಾಗಾಗಿ ಹೋದಷ್ಟೇ ದೂರ ವಾಪಸ್ ಓಡಬೇಕು, ಇಲ್ಲದಿದ್ದರೆ ಭಾರವೆಲ್ಲ ಒಂದೇ ಕಾಲಿನ ಮೇಲೆ.

ಅಲ್ಲಿ ಕೆಲವರು ಭಾನುವಾರ ಹಗ್ಗ, ಟ್ಯೂಬು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು. ಮೀನುಗಾರರು, ಒಬ್ಬ ಆಟೋದವರು, ಒಬ್ಬ ಮೇಷ್ಟ್ರು. ಸಂಬಳವಿಲ್ಲ. ಅವರಲ್ಲಿ ಹಿರಿಯರು ಒಂದು ದಿನ ನನ್ನನ್ನು ನಿಲ್ಲಿಸಿ, "ನೀವ್ ದಿನಾ ಓಡುದ್ ಕಾಂತೆ ಮಾರಾಯ್ರೆ. ಹಗ್ಗ ಹಿಡ್ಕಂಡ್ ಓಡುಕೆ ಆತ್ತಾ?" ಅಂದರು. ನನಗೆ ಈಜು ಬರುವುದಿಲ್ಲ ಅಂದೆ. ನಕ್ಕರು. ಕಡಲಿಗೆ ಇಳಿಯುವವರು ನಮ್ಮಲ್ಲಿದ್ದಾರೆ, ದಡದಲ್ಲಿ ಓಡುವವರಿಲ್ಲ ಅಂದರು.

ನಿಜವೇ. ಮುಳುಗುವವರು ಇದ್ದ ಜಾಗದಲ್ಲೇ ಇರುವುದಿಲ್ಲ, ಸೆಳೆತ ಅವರನ್ನು ಎಳೆದುಕೊಂಡು ಹೋಗುತ್ತದೆ. ದಡದ ಮೇಲೆ ಒಬ್ಬ ಅವರ ನೇರಕ್ಕೆ ಓಡುತ್ತಾ ಕೈ ತೋರಿಸಬೇಕು, ಹಗ್ಗ ಮುಟ್ಟಿಸಬೇಕು, ಜನರನ್ನು ಹಿಂದೆ ಸರಿಸಬೇಕು. ರಿಪೇರಿಯಾದ ಮಂಡಿಗೆ ಸಿಕ್ಕ ಕೆಲಸ ಅದು. ಈಜನ್ನು ಆಮೇಲೆ ಕಲಿತೆ, ನಲವತ್ತು ದಾಟಿದ ಮೇಲೆ, ಮಕ್ಕಳ ಜೊತೆ ನಿಂತು.

ಅಲ್ಲಿ ಕಲಿತ ಮೊದಲ ಪಾಠ ನಮ್ಮವರಿಗೆ ಹೇಳಲೇಬೇಕು. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಸೆಳೆತದ ಜಾಗ. ಪ್ರವಾಸಕ್ಕೆ ಬಂದವರು ಇಲ್ಲಿ ಅಲೆಯಿಲ್ಲ, ಮಕ್ಕಳಿಗೆ ಒಳ್ಳೆಯದು ಅಂತ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬಾರದು. ಮೊದಲು ತೇಲಬೇಕು, ಈಜಲು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ಮಕ್ಕಳು. ಆ ದಿನ ನಾನು ಅಲ್ಲಿರಲಿಲ್ಲ. ಸುದ್ದಿ ಕೇಳಿದಾಗ ನಮ್ಮ ತಂಡದವರು ಕೇಳಿದ್ದು, ನಿಮ್ಮ ಕಡೆಯ ಮಕ್ಕಳಲ್ಲವಾ ಅಂತ. ಹೌದು, ನಮ್ಮ ಕಡೆಯವರೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹುಟ್ಟಿದಾಗಿನಿಂದ ನೀರಿಗಾಗಿ ಬಿಂದಿಗೆ ಹಿಡಿದು ನಿಂತ ಸೀಮೆ. ಅಂಥ ಮಕ್ಕಳಿಗೆ ಅಷ್ಟು ನೀರು ಕಂಡರೆ ಸಂತೋಷವಾಗದೆ ಇರುತ್ತದೆಯೇ?

ನಮ್ಮ ಊರಿನ ಹೆಸರಲ್ಲೇ ಸಮುದ್ರವಿದೆ. ಬೊಮ್ಮಸಂದ್ರ, ಸಿಂಗಸಂದ್ರದ ಹಾಗೆ ಪೆರೇಸಂದ್ರದ 'ಸಂದ್ರ'ವೂ ಸಮುದ್ರವೇ, ಅಂದರೆ ದೊಡ್ಡ ಕೆರೆ. ನಮ್ಮ ತಾತಂದಿರು ಕೆರೆ, ಬಾವಿಯಲ್ಲಿ ಈಜು ಕಲಿತರು, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆಮೇಲೆ ಕೆರೆ ಬತ್ತಿತು, ಬಾವಿ ಬತ್ತಿತು, ಈಜೂ ಬತ್ತಿತು. ಈಗ ನೀರು ವಾಪಸ್ ಬಂದಿದೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ಹೆಬ್ಬಾಳ-ನಾಗವಾರ ಯೋಜನೆಯ ಸಂಸ್ಕರಿಸಿದ ನೀರೂ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನೀರು ಬಂತು, ಈಜು ಬರಲಿಲ್ಲ.

ಇನ್ನೊಂದು, ಕೃಷಿ ಹೊಂಡ. 2014ರಲ್ಲಿ ಶುರುವಾದ ಕೃಷಿ ಭಾಗ್ಯದಿಂದ ರೈತರಿಗೆ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆನೆದರೆ ಸೋಪಿನ ಹಾಗೆ. ಈಜು ಬರುವವನೂ ಮೇಲೆ ಹತ್ತಲಾರ. ಒಬ್ಬ ಬೀಳುತ್ತಾನೆ, ಎಳೆಯಲು ಹೋದ ಅಣ್ಣ, ಅವನನ್ನು ಎಳೆಯಲು ಹೋದ ಅಮ್ಮ. ಪತ್ರಿಕೆಯಲ್ಲಿ ಇಂಥ ಸುದ್ದಿಯನ್ನು ನೀವೂ ಓದಿದ್ದೀರಿ. ನಾಲ್ಕೂ ಕಡೆ ಗೂಟ ಹೊಡೆದು ಗಂಟು ಹಾಕಿದ ಹಗ್ಗವನ್ನು ನೀರಿನೊಳಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬು ಒಂದನ್ನು ಅಲ್ಲೇ ಕಟ್ಟಿಡಿ. ಬೇಲಿ ಹಾಕಿಸಿ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಕೋಲು, ಟ್ಯೂಬು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆಯಿರಿ. ದಡದಲ್ಲಿ ಮಲಗಿಕೊಂಡು ಸೀರೆ ಚಾಚಿದರೂ ಆದೀತು. ಮುಳುಗುವವರು ಸಿನಿಮಾದಲ್ಲಿ ಹಾಗೆ ಕೂಗುವುದಿಲ್ಲ. ಉಸಿರಿಗೇ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, 108 ಬರುವವರೆಗೂ ಹೀಗೆ.

ಬಾಯಲ್ಲಿ ಹೇಳಿದರೆ ಇದು ಕೈಗೆ ಬರುವುದಿಲ್ಲ. ಎರಡು ಹಗ್ಗ, ಮೂರು ಟ್ಯೂಬು ತಂದು ಹೆಡ್‌ಮಾಸ್ಟರ್ ರೂಮಿನಲ್ಲಿ ಇಟ್ಟಿದ್ದೇನೆ. ನಾಳೆ ಬೆಳಗ್ಗೆ ಏಳು ಗಂಟೆಗೆ ಮೈದಾನದಲ್ಲಿರುತ್ತೇನೆ. ಒಂಬತ್ತನೇ ತರಗತಿಯವರು ಬನ್ನಿ, ಹೊಂಡ ಇರುವ ಅಣ್ಣಂದಿರೂ ಬನ್ನಿ. ಹಗ್ಗ ಎಸೆಯುವುದು ಕಷ್ಟವಲ್ಲ. ಹತ್ತು ಸಲ ಎಸೆದರೆ ಗುರಿ ಕೂರುತ್ತದೆ.