ವಂಶಾವಳಿಯಲ್ಲಿ ಅಜ್ಜಿಯ ಹೆಸರು

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುವ ಪದ್ಧತಿ ಬಹಳ ಹಿಂದಿನದು. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಅವನಿಗೆ ಮಕ್ಕಳೆಷ್ಟು, ಅವರಲ್ಲಿ ಯಾರು ಎಲ್ಲಿಗೆ ಚದುರಿದರು ಎಂಬುದನ್ನೆಲ್ಲ ಅವರು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಭೂಮಿ ಬಿಟ್ಟು ಕದಲದ ಒಕ್ಕಲು ಮನೆತನಗಳಿಗೆ ಈ ವ್ಯವಸ್ಥೆ ಸಾಕು. ಆದರೆ ಸಮುದ್ರ ದಾಟಿ ಹೋದವರ ವಂಶಾವಳಿಯನ್ನು ಯಾರು ಹೇಳಬೇಕು?

ಈ ಪ್ರಶ್ನೆಯನ್ನು ಶತಮಾನಗಳಿಂದ ಎದುರಿಸುತ್ತ ಬಂದವರು ಯಹೂದಿಗಳು. 1492ರಲ್ಲಿ ಸ್ಪೇನ್ ದೇಶ ಅವರನ್ನು ಹೊರಹಾಕಿತು. 1497ರಲ್ಲಿ ಪೋರ್ಚುಗಲ್ ಬಲವಂತದ ಮತಾಂತರಕ್ಕೆ ಗುರಿಪಡಿಸಿತು. ಹೊರಗೆ ಕ್ರೈಸ್ತರಾಗಿ, ಒಳಗೆ ತಮ್ಮ ಧರ್ಮವನ್ನು ಬಚ್ಚಿಟ್ಟುಕೊಂಡ ಹಲವು ಕುಟುಂಬಗಳು ಡಚ್ಚರ ಆಶ್ರಯ ಹುಡುಕಿ ಬ್ರೆಜಿಲ್‌ನ ರೆಸಿಫೆ ನಗರ ಸೇರಿದವು. 1654ರಲ್ಲಿ ಪೋರ್ಚುಗೀಸರು ಆ ನಗರವನ್ನು ಮರಳಿ ಗೆದ್ದಾಗ ಅಲ್ಲಿಂದಲೂ ಚದುರಿದವು. ಬಾರ್ಬಡೋಸ್, ಕುರಸಾವ್, ಜಮೈಕಾ, ಸುರಿನಾಮ್ ಹೀಗೆ ಕೆರಿಬಿಯನ್ ಕಡಲಿನ ದ್ವೀಪಗಳಲ್ಲಿಯೂ ಕರಾವಳಿಯಲ್ಲಿಯೂ ಅವರ ವಸಾಹತುಗಳು ಬೆಳೆದವು. ಅವರ ಮಕ್ಕಳು ಮೊಮ್ಮಕ್ಕಳು ಮುಂದೆ ನ್ಯೂಯಾರ್ಕ್, ಫಿಲಡೆಲ್ಫಿಯಾ ಸೇರಿದರು.

ಇಂದು ಅಮೆರಿಕದಲ್ಲಿ ಹಿರಿಯರ ಬೇರನ್ನು ಹುಡುಕುವವರು ಈ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಗೋರಿಕಲ್ಲು, ಮದುವೆಯ ಕರಾರುಪತ್ರ, ಮರಣಶಾಸನ, ಪ್ರಾರ್ಥನಾಮಂದಿರದ ದಫ್ತರ, ಇವೇ ಅವರಿಗೆ ಹೆಳವರು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ ಆ ಜನರಲ್ಲಿಯೂ ಇದ್ದುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಹುಡುಕಾಟ ಯಾವಾಗಲೂ ನಿರೀಕ್ಷಿಸಿದ ಬಾಗಿಲಿಗೇ ಹೋಗಿ ಮುಟ್ಟುವುದಿಲ್ಲ. ನ್ಯೂಯಾರ್ಕಿನ ಬ್ಲಾಂಚ್ ಮೋಸೆಸ್ ಎಂಬ ಮಹಿಳೆ ತನ್ನ ಮನೆತನದ ಇತಿಹಾಸವನ್ನು ಶ್ರದ್ಧೆಯಿಂದ ಕೂಡಿಸಿಟ್ಟಿದ್ದಳು. ತನ್ನ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಮೂಲದ ಶ್ರೀಮಂತ ಯಹೂದಿಗಳೆಂದು ಆಕೆ ತಿಳಿದಿದ್ದಳು. ಇತಿಹಾಸಕಾರ್ತಿ ಲಾರಾ ಲೀಬ್‌ಮನ್ ದಾಖಲೆಗಳನ್ನು ಹಿಡಿದು ಬಾರ್ಬಡೋಸ್‌ವರೆಗೆ ಹೋದಾಗ ಬೇರೆಯೇ ಕಥೆ ಕಂಡಿತು. ಆ ಮನೆತನದ ಸಾರಾ ಬ್ರಾಂಡನ್ ಮತ್ತು ಅವಳ ಅಣ್ಣ ಐಸಾಕ್ ಹುಟ್ಟಿದ್ದು ಗುಲಾಮರಾಗಿ. ತಂದೆ ಸಿರಿವಂತ ಯಹೂದಿ, ತಾಯಿ ಆಫ್ರಿಕನ್ ಮೂಲದ ಗುಲಾಮಳು. ಬಿಡುಗಡೆ ಪಡೆದ ಆ ಮಕ್ಕಳು ಸುರಿನಾಮ್‌ಗೆ ಹೋಗಿ ವಿಧಿಪೂರ್ವಕ ಯಹೂದಿ ಧರ್ಮ ಸ್ವೀಕರಿಸಿ, ಕೊನೆಗೆ ನ್ಯೂಯಾರ್ಕಿನ ಗಣ್ಯ ಕುಟುಂಬಗಳಲ್ಲಿ ಬೆರೆತುಹೋದರು. ಲೀಬ್‌ಮನ್ ಅವರ ಗ್ರಂಥ 2021ರಲ್ಲಿ ಪ್ರಕಟವಾಯಿತು. ದಂತದ ಮೇಲೆ ಬರೆದ ಅಣ್ಣತಂಗಿಯರ ಪುಟ್ಟ ಚಿತ್ರಗಳು ವಂಶಜರ ಕೈಯಲ್ಲೇ ಉಳಿದುಬಂದಿದ್ದವು. ಗುಲಾಮಳಾದ ಆ ಅಜ್ಜಿಯ ನೆನಪು ಮಾತ್ರ ಉಳಿದಿರಲಿಲ್ಲ.

ಇದು ದೂರದ ಸಂಗತಿ ಎನಿಸಬಹುದು. ಆದರೆ ಇದಕ್ಕಿಂತ ಸುಮಾರು 700 ವರ್ಷ ಮೊದಲೇ ಇಂಥದೇ ಒಂದು ಪ್ರಸಂಗ ಮಂಗಳೂರಿನಲ್ಲಿ ನಡೆದಿದೆ.

ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾಮಂದಿರವಿದೆ. ದೇವರ ಹೆಸರಿರುವ ಕಾಗದವನ್ನು ಹರಿಯಬಾರದು, ಸುಡಬಾರದು ಎಂಬುದು ಯಹೂದಿಗಳ ನಿಯಮ. ಅಂಥ ಕಾಗದಗಳನ್ನು ಹಾಕಲು ಅಲ್ಲಿ ಗೆನೀಜಾ ಎಂಬ ಕೋಣೆಯಿತ್ತು. ವ್ಯಾಪಾರದ ಪತ್ರವೂ ದೇವರ ಸ್ಮರಣೆಯಿಂದಲೇ ಆರಂಭವಾಗುತ್ತಿದ್ದುದರಿಂದ ಲೆಕ್ಕಪತ್ರ, ಸಾಲಪತ್ರ, ವರದಕ್ಷಿಣೆಯ ಪಟ್ಟಿ ಎಲ್ಲವೂ ಅದೇ ಕೋಣೆ ಸೇರಿದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅವುಗಳಲ್ಲಿ 1,90,000ಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ. ಮುಂದೆ ಎಸ್.ಡಿ. ಗೊಯ್ಟೈನ್ ಅವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದವನ್ನು ಹೆಕ್ಕಿ ತೆಗೆದರು. ಅವರ ನಂತರ ಮೊರ್ದೆಖಾಯ್ ಫ್ರೀಡ್‌ಮನ್ ಆ ಕೆಲಸ ಮುಂದುವರಿಸಿದರು.

ಹೀಗೆ ಬೆಳಕಿಗೆ ಬಂದವನು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯಾದ ಮಹ್ದಿಯಾ ಅವನ ಹುಟ್ಟೂರು. ಏಡನ್ ಬಂದರಿನಲ್ಲಿ ಮದ್ಮೂನ್ ಎಂಬ ಪ್ರಭಾವಿ ವರ್ತಕನ ಬೆಂಬಲ ಗಳಿಸಿ, 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಕಲ್ಯಾಣದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರ ಆಳುತ್ತಿದ್ದ ಕಾಲವದು. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇವು ಅವನ ಸರಕು. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. ಏಡನ್ನಿನಿಂದ ಅವನಿಗೆ ಬರುತ್ತಿದ್ದ ವಸ್ತುಗಳಲ್ಲಿ ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಬರೆಯುವ ಕಾಗದವೂ ಸೇರಿತ್ತು. ಆ ಕಾಗದ ಬಾರದಿದ್ದರೆ ಈ ಕಥೆಯೇ ನಮಗೆ ಸಿಗುತ್ತಿರಲಿಲ್ಲ.

1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಒಂದು ಪತ್ರ ಬರೆಸಿದ. ಆಶು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿದ ಪತ್ರವದು. ಅದರಲ್ಲಿ ಅವಳಿಗೆ ಬೆರಾಖಾ ಎಂಬ ಹೊಸ ಹೆಸರೂ ಇದೆ. ಬೆರಾಖಾ ಎಂದರೆ ಆಶೀರ್ವಾದ. ಯಹೂದಿ ಶಾಸ್ತ್ರದ ಪ್ರಕಾರ ಮಕ್ಕಳ ಧರ್ಮ ತಾಯಿಯಿಂದ ಬರುತ್ತದೆ. ತಾಯಿ ಗುಲಾಮಳಾಗಿದ್ದರೆ ಮಕ್ಕಳಿಗೆ ಸಮಾಜದಲ್ಲಿ ಸ್ಥಾನವಿಲ್ಲ. ಅವಳಿಗೆ ಧರ್ಮವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟರೆ ಆ ತೊಡಕು ಕಳೆಯುತ್ತದೆ. ಬಾರ್ಬಡೋಸ್‌ನ ಮಕ್ಕಳು ಸುರಿನಾಮ್‌ಗೆ ಹೋಗಬೇಕಾಗಿ ಬಂದದ್ದೂ ಇದೇ ನಿಯಮದಿಂದ. ಆದ್ದರಿಂದಲೇ ಬೆನ್ ಯಿಜುವಿನ ಮಕ್ಕಳ ತಾಯಿ ಆಶುವೇ ಎಂದು ವಿದ್ವಾಂಸರು ಬಗೆದಿದ್ದಾರೆ. ಅವನ ಕಾಗದಗಳಲ್ಲಿ ನಾಯರ್ ಎಂಬ ಭಾವಮೈದುನನ ಉಲ್ಲೇಖ ಇರುವುದು ಅವಳ ಕುಲದ ಬಗ್ಗೆ ಒಂದು ಸುಳಿವು.

ಇದಾದ ಮೇಲೆ ಬೆನ್ ಯಿಜುವಿನ ಪತ್ರಗಳಲ್ಲಿ ಆಶುವಿನ ಹೆಸರಿಲ್ಲ. ಏಡನ್ನಿನ ಗೆಳೆಯರು ಮಕ್ಕಳಿಗೆ ತಪ್ಪದೆ ಶುಭಾಶಯ ಬರೆಯುತ್ತಿದ್ದರು, ತಾಯಿಗೆ ಒಮ್ಮೆಯೂ ಬರೆದವರಲ್ಲ. ಅವನ ಪರವಾಗಿ ಏಡನ್ನಿಗೆ ವ್ಯವಹಾರಕ್ಕೆ ಹೋಗುತ್ತಿದ್ದ ಆಳಿಗೂ ಅವರು ಪತ್ರದಲ್ಲಿ ನಮಸ್ಕಾರ ತಿಳಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಮೂರು ಅಕ್ಷರಗಳಲ್ಲಿ ಉಳಿದಿದ್ದ ಆ ಆಳಿನ ಹೆಸರನ್ನು ಬೊಮ್ಮ ಎಂದು ಓದಲು ಕಾದಂಬರಿಕಾರ ಅಮಿತಾವ್ ಘೋಷ್ ಅವರಿಗೆ ನೆರವಾದವರು ತುಳು ವಿದ್ವಾಂಸ ಬಿ.ಎ. ವಿವೇಕ ರೈ. 1992ರಲ್ಲಿ ಪ್ರಕಟವಾದ ಘೋಷ್ ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಕೃತಿಯಿಂದ ಬೊಮ್ಮ ಲೋಕಪ್ರಸಿದ್ಧನಾದ.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಅದರ ಹಿಂದಿನ ವರ್ಷ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಗೆದ್ದುಕೊಂಡಿದ್ದರು. ಅವನ ಒಡಹುಟ್ಟಿದವರು ದಿಕ್ಕುಪಾಲಾಗಿ ಸಿಸಿಲಿ ಸೇರಿದ್ದರು. ಮಗ ಯೆಮೆನ್ ನೆಲದಲ್ಲಿ ತೀರಿಹೋದ. ಉಳಿದ ಮಗಳು ಸಿತ್ ಅಲ್-ದಾರ್‌ಳನ್ನು ತಮ್ಮನ ಮಗನಿಗೇ ಕೊಡಬೇಕೆಂದು ಬೆನ್ ಯಿಜು ಬಯಸಿ ಪತ್ರದ ಮೇಲೆ ಪತ್ರ ಬರೆದ. 1156ರಲ್ಲಿ ಫುಸ್ತಾತ್‌ನಲ್ಲಿ ಆ ಮದುವೆ ನಡೆಯಿತು. ಮದುಮಗಳು ತಂದ ಒಡವೆ ವಸ್ತ್ರಗಳ ಪಟ್ಟಿ ಗೆನೀಜಾದಲ್ಲಿ ಸಿಕ್ಕಿದೆ.

ತುಳುನಾಡಿನಲ್ಲಿ ಅನೇಕ ಸಮುದಾಯಗಳಿಗೆ ಬಳಿ ಬರುವುದು ತಾಯಿಯಿಂದ. ಯಹೂದಿಗಳಿಗೆ ಧರ್ಮ ಬರುವುದೂ ತಾಯಿಯಿಂದ. ಎರಡೂ ಕಡೆಯ ಲೆಕ್ಕದಲ್ಲಿ ಸಿತ್ ಅಲ್-ದಾರ್‌ಳ ಗುರುತು ತಾಯಿಯದೇ. ಆದರೂ ಆ ತಾಯಿಯನ್ನು ಉಳಿಸಿದ್ದು ನೆಂಟರ ನೆನಪಲ್ಲ, ಒಂದು ಕಾನೂನು ಪತ್ರ.

ನಮ್ಮ ಮನೆಗಳಲ್ಲಿ ಹೆಳವರ ಹೊತ್ತಗೆಯನ್ನು ತೆರೆಸಿದಾಗಲೂ ಬಹುಮಟ್ಟಿಗೆ ಕೇಳಿಬರುವುದು ಗಂಡುಸಂತತಿಯ ಸಾಲೇ. ಮುತ್ತಜ್ಜನ ಹೆಸರು ಹೇಳಬಲ್ಲ ಮನೆಯವರನ್ನು ಮುತ್ತಜ್ಜಿಯ ತವರೂರು ಕೇಳಿದರೆ ಸುಮ್ಮನಾಗುತ್ತಾರೆ. ಅದನ್ನು ಬಲ್ಲ ಹಿರಿಯ ಹೆಣ್ಣುಮಕ್ಕಳು ಇನ್ನೂ ಅನೇಕ ಮನೆಗಳಲ್ಲಿ ಇದ್ದಾರೆ. ಹಳೆಯ ಆಸ್ತಿಪತ್ರ, ದಾನಪತ್ರ, ಆಯಗಾರರ ಲೆಕ್ಕ, ಮದುವೆಯ ಮುಯ್ಯಿ ಬರೆದಿಟ್ಟ ಪುಸ್ತಕ, ಇವು ನಮ್ಮ ಗೆನೀಜಾಗಳು. ಹಿರಿಯರಿಂದ ಕೇಳಿ ಅದೇ ಮುಯ್ಯಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಅಜ್ಜಿಯ ಹೆಸರು, ಅವಳ ತಾಯಿಯ ಹೆಸರು, ಅವರ ತವರೂರು ಇಷ್ಟನ್ನು ಬರೆದಿಟ್ಟರೆ ಮುಂದೆ ಹುಡುಕುವವರಿಗೆ ದಾರಿ ಸಿಗುತ್ತದೆ.