ಕಾಯಿಲೆ ಬಂದಾಗ ಕೇಳಲು ನಾಚಿಕೆ ಬೇಡ

(ಮೂಡಿಗೆರೆ, ಕಳಸ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಕಾಫಿ ಕುಯ್ಲಿನ ಕೆಲಸ ಬಿಟ್ಟು ದೂರದೂರದ ತೋಟಗಳಿಂದ ಬಂದಿದ್ದೀರಿ.  ಉಳಿತಾಯ, ಸಾಲ, ಲೆಕ್ಕದ ಪುಸ್ತಕ ಎಂದು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತಿನ ವಿಷಯ ಬೇರೆ. ದೊಡ್ಡ ಕಾಯಿಲೆ ಬಂದಾಗ ಸಹಾಯ ಕೇಳುವುದು ಹೇಗೆ? ಕೊಟ್ಟ ಸಹಾಯವನ್ನು ತಗೊಳ್ಳುವುದು ಹೇಗೆ?

"ಇದನ್ನೂ ಕಲೀಬೇಕಾ ಸಿಸ್ಟರ್?" ಅಂತ ಕೇಳಬಹುದು. ಕಲಿಯಬೇಕು. ಬೇರೆಯವರ ಮನೆಯ ಬಾಣಂತನ, ಮದುವೆ, ಸಾವು ಅಂದರೆ ನಾವು ಹೆಂಗಸರು ಕರೆಯದೆಯೂ ಓಡುತ್ತೇವೆ. ನಮಗೇ ಕಾಯಿಲೆ ಬಂದರೆ ಬಾಯಿ ಕಟ್ಟಿಹೋಗುತ್ತದೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೂ "ಕುಯ್ಲು ಮುಗೀಲಿ" ಅಂತೇವೆ. ಆಮೇಲೆ "ಮಗಳ ಪರೀಕ್ಷೆ ಮುಗೀಲಿ". ಅಷ್ಟರಲ್ಲಿ ಮಳೆಗಾಲ. ನೋವಿಲ್ಲದ ಗಂಟನ್ನೂ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಸ್ತನ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಮನೆ ಭೇಟಿಗೆ ಹೋದಾಗ ನಾವು ಕೇಳುವ ಮಾತು ಎರಡು: "ನಾಲ್ಕು ಜನ ಏನಂತಾರೆ?", "ಇನ್ನೊಬ್ಬರ ಹಂಗು ನಮಗ್ಯಾಕೆ?"

ಮೊದಲನೆಯದಕ್ಕೆ ಮಾರ್ಕನ ಶುಭಸಂದೇಶದಲ್ಲಿ ಒಂದು ಘಟನೆ ಇದೆ. ಲಕ್ವ ಹೊಡೆದವನೊಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತಂದರು. ಜನಸಂದಣಿಯಲ್ಲಿ ದಾರಿ ಸಿಗಲಿಲ್ಲ. ಮನೆಯ ಮಾಡು ತೆಗೆದು ಯೇಸುವಿನ ಮುಂದೆ ಇಳಿಸಿದರು. "ನನ್ನಿಂದ ನಿಮಗೆ ತೊಂದರೆ, ಬೇಡ" ಅಂದಿದ್ದರೆ ಆತ ಮನೆಯಲ್ಲೇ ಮಲಗಿರುತ್ತಿದ್ದ. ಆಡಿಕೊಳ್ಳುವ ನಾಲ್ಕು ಜನ ಎಲ್ಲ ಊರಲ್ಲೂ ಇರುತ್ತಾರೆ. ಹೊರುವ ನಾಲ್ಕು ಜನ ನಮ್ಮ ಸಂಘದಲ್ಲಿ ಇರಬೇಕು.

ಎರಡನೆಯದಕ್ಕೆ ನಮ್ಮ ಮಲೆನಾಡೇ ಉತ್ತರ ಕೊಟ್ಟಿದೆ. ನಾಟಿ ಕಾಲದ ಮುಯ್ಯಾಳು ನೆನಪು ಮಾಡಿಕೊಳ್ಳಿ. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಅದನ್ನು ಯಾರೂ ಭಿಕ್ಷೆ ಅನ್ನಲಿಲ್ಲ. "ಮುಯ್ಯಿ ತೀರಿಸೋಕೆ ನನ್ನ ಕೈಲಿ ಆಗದೆ ಹೋದ್ರೆ?" ಅಂತ ಕೆಲವರಿಗೆ ಭಯ. ಗದ್ದೆಯ ಮುಯ್ಯಿಗೆ ದಿನದ ಲೆಕ್ಕ ಉಂಟು, ಕಾಯಿಲೆಯ ಮುಯ್ಯಿಗೆ ಇಲ್ಲ. ನೀವು ಎಷ್ಟು ಬಾಣಂತಿಯರಿಗೆ ನೀರು ಹಾಕಿದ್ದೀರಿ? ಅದೆಲ್ಲ ಮೊದಲೇ ಜಮಾ ಆಗಿದೆ. ಗುಣವಾದ ಮೇಲೆ ಇನ್ನೊಬ್ಬಳ ಜೊತೆ ಆಸ್ಪತ್ರೆಗೆ ಹೋಗಿ. ಹೋಗಲು ಆಗದಿದ್ದರೂ ಯಾರೂ ಬಾಕಿ ಕೇಳುವುದಿಲ್ಲ.

ಕೇಳುವಾಗ ಬಿಡಿಸಿ ಕೇಳಿ. "ಏನಾದ್ರೂ ಬೇಕಾ ಅಕ್ಕ?" ಅಂದರೆ "ಏನೂ ಬೇಡ" ಅಂತ ಕಳಿಸಬೇಡಿ. "ಮಂಗಳವಾರ ಆಸ್ಪತ್ರೆಗೆ ಜೊತೆಗೆ ಬಾ", "ಸಂಜೆ ಹಸು ಕರೆದು ಕೊಡು", "ಮಗೂನ ಅಂಗನವಾಡಿಯಿಂದ ಕರ್ಕೊಂಡು ಬಾ" ಅನ್ನಿ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕೆಲಸ ಕೊಟ್ಟರೆ ಯಾರಿಗೂ ಭಾರವಿಲ್ಲ. ಅವರು ಮಾಡಿದ ಸಾರಿಗೆ ಉಪ್ಪು ಕಮ್ಮಿ ಇರಬಹುದು, ಇರಲಿ ಬಿಡಿ. ಆದರೆ ನೋಡಲು ಬಂದು ಹೆದರಿಸುವ ಕಥೆ ಹೇಳುವವರಿಗೆ "ಇವತ್ತು ಸುಸ್ತಾಗಿದೆ" ಅನ್ನುವ ಹಕ್ಕು ನಿಮಗಿದೆ.

ಸರ್ಕಾರದ ಸಹಾಯ ಕೇಳುವುದಕ್ಕೂ ಸಂಕೋಚ ಬೇಡ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆ. ಒಡವೆ ಅಡವಿಡುವ ಮೊದಲು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಇನ್ನು ಗುಣವಾಗದು ಎಂಬ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿನ ಕರುಣಾಶ್ರಯ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ. ಆ ಬಸ್ ಚಾರ್ಜನ್ನು ಸಂಘ ಕೊಡಬಹುದಲ್ಲವೇ?

ಕೊನೆಗೆ ಸಂಘಗಳಿಗೆ ಮೂರು ಮಾತು. ಕಾಯಿಲೆಯವಳಿಗೆ ಕೂಲಿ ಇಲ್ಲ, ಕಂತು ಕಟ್ಟಲು ಆಗುವುದಿಲ್ಲ. ಆ ನಾಚಿಕೆಗೆ ಸಭೆಗೇ ಬರುವುದಿಲ್ಲ. ಸಹಾಯ ಬೇಕಾದ ಹೊತ್ತಿನಲ್ಲೇ ಆಕೆ ಸಂಘದಿಂದ ದೂರವಾಗುತ್ತಾಳೆ. ಆದ್ದರಿಂದ, ಒಬ್ಬ ಸದಸ್ಯೆ ಎರಡು ಸಭೆಗೆ ಬಾರದಿದ್ದರೆ ದಂಡ ಬರೆಯುವ ಮೊದಲು ಇಬ್ಬರು ಆಕೆಯ ಮನೆಗೆ ಹೋಗಿ. ಕಂತು ಮುಂದೂಡುವ ತೀರ್ಮಾನ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಆಗ ಆಕೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಆಕೆಯ ಕಾಯಿಲೆಯ ವಿಷಯ ಸಂಘದ ಹೊರಗೆ ಹೋಗಬಾರದು. ಮಾತು ಹೊರಗೆ ಹೋದರೆ ಮುಂದಿನವಳು ಬಾಯಿ ಬಿಡುವುದಿಲ್ಲ.

ಕೇಳಬೇಕಾದಾಗ ಕೇಳೋಣ. ಕೇಳಿದವಳನ್ನು ಹಗುರವಾಗಿ ಕಾಣದಿರೋಣ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಕಾಪಾಡಲಿ.